ಕಿಣ್ವದ ಬೀಗಕ್ಕೆ ಹುಸಿ ಕೀಲಿಕೈ: ಯೆಲ್ಲಾಪ್ರಗಡ ಸುಬ್ಬರಾವ್

ಮಕ್ಕಳೇ, ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳ ಬಗ್ಗೆ ನೀವು ಕೇಳಿದ್ದೀರಿ. ಇವು ಬಲಿಯುವ ಮೊದಲೇ ಲೆಕ್ಕವಿಲ್ಲದೆ ಹೆಚ್ಚತೊಡಗಿದರೆ ಅದೇ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ. ಒಂದು ಕಾಲದಲ್ಲಿ ಈ ರೋಗ ಬಂದ ಮಕ್ಕಳು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿದ್ದರು. ಆ ರೋಗವನ್ನು ಹಿಮ್ಮೆಟ್ಟಿಸಿದ ಔಷಧವೊಂದು ಭಾರತೀಯರೊಬ್ಬರ ಪ್ರಯೋಗಾಲಯದಿಂದ ಬಂತು.

ಯೆಲ್ಲಾಪ್ರಗಡ ಸುಬ್ಬರಾವ್ ಅವರು 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಹುಟ್ಟಿದರು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಒಡಹುಟ್ಟಿದವರನ್ನು ಬಲಿ ತೆಗೆದುಕೊಂಡಿತು. ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟದ್ದು ಪ್ರಾಧ್ಯಾಪಕರೊಬ್ಬರಿಗೆ ಹಿಡಿಸಲಿಲ್ಲ. ಹಾಗಾಗಿ ಪೂರ್ಣ ಪದವಿಯ ಬದಲು ಎಲ್.ಎಂ.ಎಸ್. ಮಾತ್ರ ಸಿಕ್ಕಿತು. 1923ರಲ್ಲಿ ಅಮೆರಿಕದ ಬಾಸ್ಟನ್ ಸೇರಿ, ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡುತ್ತಲೇ ಹಾರ್ವರ್ಡ್‌ನಲ್ಲಿ ಕಲಿತರು. ಅಲ್ಲಿ ಸೈರಸ್ ಫಿಸ್ಕ್ ಅವರೊಡನೆ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು.

1940ರಲ್ಲಿ ಅವರು ಲೆಡರ್ಲೆ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಹಸಿರು ಸೊಪ್ಪಿನಲ್ಲಿರುವ ಈ ಜೀವಸತ್ವ ಸ್ಪ್ರೂ ಬೇನೆಗೂ ಮದ್ದಾಯಿತು! ಆದರೆ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ, ಲ್ಯುಕೇಮಿಯಾ ಇದ್ದ ಮಕ್ಕಳಲ್ಲಿ ಇದರಿಂದ ರೋಗ ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಇದನ್ನು ತಡೆದರೆ ಹೇಗೆ? ಸುಬ್ಬರಾವ್ ತಂಡ ನೋಡಲು ಫೋಲಿಕ್ ಆಮ್ಲದಂತೆಯೇ ಇದ್ದು ಅದರ ಕೆಲಸ ಮಾಡದ ಅಮಿನೋಪ್ಟೆರಿನ್ ಎಂಬ ವಸ್ತುವನ್ನು ಒದಗಿಸಿತು. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಆದರೆ ತಾತ್ಕಾಲಿಕವಾಗಿ ಮಾತ್ರ. ಈ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು.

ಔಷಧ ಕೆಲಸ ಮಾಡುವ ಬಗೆ ತಿಳಿದದ್ದು ಅವರ ಕಾಲಾನಂತರ. ಜೀವಕೋಶ ಒಂದು ಎರಡಾಗಲು ಫೋಲಿಕ್ ಆಮ್ಲ ಬೇಕು. ಅದನ್ನು ಬಳಸಲು ತಕ್ಕ ರೂಪಕ್ಕೆ ತರುವ ಕಿಣ್ವವೊಂದು ಕೋಶದೊಳಗಿದೆ. ಅಮಿನೋಪ್ಟೆರಿನ್ ಹುಸಿ ಕೀಲಿಕೈಯಂತೆ ಆ ಕಿಣ್ವದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಜವಾದ ಕೀಲಿಕೈಗೆ ಜಾಗವೇ ಇರುವುದಿಲ್ಲ. 1960ರ ದಶಕದಲ್ಲಿ ವಿಜ್ಞಾನಿಗಳು ಬಿಳಿ ರಕ್ತಕಣಗಳನ್ನು ಒಡೆದು ಈ ಕಿಣ್ವದ ಚಟುವಟಿಕೆಯನ್ನು ಅಳೆದರು. ಆರೋಗ್ಯವಂತರ ಬಲಿತ ಕಣಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬಲಿತ ಕಣ ಮತ್ತೆ ವಿಭಜನೆಯಾಗುವುದಿಲ್ಲವಲ್ಲ! ಲ್ಯುಕೇಮಿಯಾದ ಎಳೆಯ ಕಣಗಳಲ್ಲಾದರೋ ಕಿಣ್ವ ಚುರುಕಾಗಿತ್ತು. ಔಷಧ ಕೊಟ್ಟ ಮೇಲೆ ಕಣಗಳಲ್ಲಿ ಈ ಕಿಣ್ವ ಇನ್ನೂ ಹೆಚ್ಚುವುದೂ ಕಂಡುಬಂತು. ರೋಗ ಮರುಕಳಿಸಲು ಇದೂ ಒಂದು ಕಾರಣವಿರಬಹುದು.

ಮೂಳೆಯ ಮಜ್ಜೆಯಲ್ಲಿ ಹೊಸದಾಗಿ ಹುಟ್ಟುವ ಆರೋಗ್ಯವಂತ ಕಣಗಳಿಗೂ ಇದೇ ಕಿಣ್ವ ಬೇಕು. ಆದ್ದರಿಂದ ಔಷಧದ ಏಟು ಅವಕ್ಕೂ ತಗಲುತ್ತದೆ. ಅಮಿನೋಪ್ಟೆರಿನ್‌ನ ಹತ್ತಿರದ ನೆಂಟ ಮೆಥೊಟ್ರೆಕ್ಸೇಟನ್ನು ವೈದ್ಯರು ಇಂದಿಗೂ ಅಳತೆ ನೋಡಿ, ಬೇರೆ ಔಷಧಗಳೊಂದಿಗೆ ಸೇರಿಸಿ ಕೊಡುತ್ತಾರೆ.