ನಾಲ್ಕನೇ ಕುಂಞಾಲಿ ಮರಕ್ಕಾರ್: ಒಂದು ಬಂದರಿಗಾಗಿ ಮುರಿದ ಸ್ನೇಹ

ಕುಂಞಾಲಿ ಮರಕ್ಕಾರ್ ಎಂಬ ಹೆಸರು ನಮ್ಮ ಕರಾವಳಿಯ ಮನೆಗಳಿಗೆ ಹೊಸದಲ್ಲ. 2021ರಲ್ಲಿ ಸಿನೆಮಾ ಬಂದ ಮೇಲೆ ಮಕ್ಕಳಿಗೂ ಆ ಹೆಸರು ಗೊತ್ತಾಗಿದೆ. ಆದರೆ ಕುಂಞಾಲಿ ಅಂದರೆ ಒಬ್ಬರೇ ವ್ಯಕ್ತಿ ಅಂತ ತಿಳಿದುಕೊಂಡವರು ತುಂಬಾ ಜನ. ಹಾಗಲ್ಲ. ಅದು ಕಲ್ಲಿಕೋಟೆಯ ಸಾಮೂದಿರಿ ರಾಜರು ತಮ್ಮ ನೌಕಾಪಡೆಯ ನಾಯಕರಿಗೆ ಕೊಟ್ಟ ಬಿರುದು. ಒಬ್ಬರ ನಂತರ ಒಬ್ಬರಂತೆ ನಾಲ್ವರು ಆ ಬಿರುದು ಹೊತ್ತರು. ನಾಲ್ಕನೆಯವರೇ ಮುಹಮ್ಮದ್ ಕುಂಞಾಲಿ ಮರಕ್ಕಾರ್.

ಅವರನ್ನು ಪೋರ್ಚುಗೀಸರು ಗೋವಾಕ್ಕೆ ಒಯ್ದು ಕೊಂದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಪೋರ್ಚುಗೀಸರ ಕೈಗೆ ಸಿಕ್ಕಿದ್ದು ಹೇಗೆ ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮೂರು ತಲೆಮಾರು ಕಡಲಲ್ಲಿ ಪರಂಗಿಗಳಿಗೆ ಸೊಪ್ಪು ಹಾಕದ ಮನೆತನ ಅದು. ಅಂಥ ಮನೆತನದ ಕೋಟೆ ಬಿದ್ದದ್ದು ಬರೀ ಪರಂಗಿಗಳ ಬಲದಿಂದ ಅಲ್ಲ. ರಾಜ ಮತ್ತು ಅವನ ನೌಕಾ ನಾಯಕ, ಇಬ್ಬರೂ ಒಂದೇ ಬಂದರನ್ನು ನನ್ನದು ಅಂದರು. ಜಗಳ ಬಿಡಿಸಲಿಕ್ಕೆ ಅಂತ ಮೂರನೆಯವನು ಒಳಗೆ ಬಂದ. ಆ ಕತೆಯೇ ಇದು.

ರಾಜನಿಗೂ ಮರಕ್ಕಾರರಿಗೂ ನಂಟು

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಕರೆಗೆ ಬಂದ. ಅದಕ್ಕಿಂತ ಮೊದಲು ಈ ಕಡಲಲ್ಲಿ ಅರಬರು, ಗುಜರಾತಿನವರು, ಮಾಪ್ಪಿಳೆಗಳು, ಚೆಟ್ಟಿಗಳು ಎಲ್ಲರೂ ವ್ಯಾಪಾರ ಮಾಡಿಕೊಂಡಿದ್ದರು. ಕಡಲು ಯಾರ ಆಸ್ತಿಯೂ ಆಗಿರಲಿಲ್ಲ. ಪೋರ್ಚುಗೀಸರು ಬಂದು ಇನ್ನು ಮುಂದೆ ನಮ್ಮ ರಹದಾರಿ ಚೀಟಿ ಇಲ್ಲದೆ ಯಾವ ಹಡಗೂ ಓಡಾಡಬಾರದು ಎಂದರು. ಆ ಚೀಟಿಗೆ ಕಾರ್ಟಾಜ್ ಅಂತ ಹೆಸರು. ಚೀಟಿ ಇಲ್ಲದ ಹಡಗನ್ನು ಹಿಡಿದರು, ಸರಕು ದೋಚಿದರು. 1502ರಲ್ಲಿ ಎರಡನೇ ಸಲ ಬಂದ ಗಾಮ, ಹಜ್ಜಿನಿಂದ ವಾಪಸಾಗುತ್ತಿದ್ದ ಯಾತ್ರಿಕರಿದ್ದ ಹಡಗನ್ನೇ ಹೆಂಗಸರು ಮಕ್ಕಳ ಸಮೇತ ಸುಟ್ಟ.

ಸಾಮೂದಿರಿಗೆ ನೆಲದ ಮೇಲೆ ನಾಯರ್ ಪಡೆ ಇತ್ತು. ಕಡಲಲ್ಲಿ ಕಾದಾಡುವವರು ಬೇಕಿತ್ತು. ಕೊಚ್ಚಿ ಕಡೆ ವ್ಯಾಪಾರ ಮಾಡಿಕೊಂಡಿದ್ದ ಮರಕ್ಕಾರ್ ಮನೆತನದವರು ಪೋರ್ಚುಗೀಸರ ಕಾಟ ತಾಳಲಾರದೆ ಸಾಮೂದಿರಿಯ ಕಡೆಗೆ ಬಂದರು. ಪೊನ್ನಾನಿ ಅವರ ನೆಲೆಯಾಯಿತು. ಪರಂಗಿಗಳ ಹಡಗು ದೊಡ್ಡದು, ಫಿರಂಗಿ ದೊಡ್ಡದು. ಮರಕ್ಕಾರರ ದೋಣಿಗಳು ಚಿಕ್ಕವು, ಹುಟ್ಟು ಹಾಕಿ ವೇಗವಾಗಿ ಓಡುವಂಥವು. ಅಳಿವೆಯ ಒಳಗೆ ಅಡಗಿ ನಿಂತು, ಸಮಯ ನೋಡಿ ಗುಂಪಾಗಿ ಮೇಲೆ ಬಿದ್ದು, ದೊಡ್ಡ ಹಡಗು ತಿರುಗುವ ಮೊದಲೇ ಮಾಯವಾಗುತ್ತಿದ್ದರು. ಮಲಬಾರಿನ ಕಡಲು, ಅಲ್ಲಿನ ಗಾಳಿ, ಅಲ್ಲಿನ ಅಳಿವೆಗಳು ಅವರಿಗೆ ಮನೆಯಂಗಳದ ಹಾಗೆ.

ನಮ್ಮ ಮಂಗಳೂರಿಗೂ ಈ ಕತೆಗೂ ಸಂಬಂಧ ಉಂಟು. 1570ರಲ್ಲಿ ಕುಟ್ಟಿ ಪೋಕ್ಕರ್ ಎಂಬ ಮರಕ್ಕಾರ್ ನಾಯಕ ಇಲ್ಲಿಯ ಪೋರ್ಚುಗೀಸ್ ಕೋಟೆಯ ಮೇಲೆ ದಾಳಿ ಮಾಡಿದರು. ವಾಪಸು ಹೋಗುವಾಗ ಕಣ್ಣೂರಿನ ಹತ್ತಿರ ಪರಂಗಿ ಹಡಗುಗಳು ಎದುರಾಗಿ ಅವರು ಕಡಲಲ್ಲೇ ಪ್ರಾಣ ಬಿಟ್ಟರು. ಆ ಕಾಲದ ಸಂಗತಿಗಳನ್ನು ಬರೆದಿಟ್ಟವರು ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್. ಅವರ ತುಹ್ಫತುಲ್ ಮುಜಾಹಿದೀನ್ ಗ್ರಂಥ ಅರ್ಪಣೆಯಾದದ್ದು ನಮ್ಮ ಬಿಜಾಪುರದ ಅಲಿ ಆದಿಲ್ ಶಾಹನಿಗೆ.

ಬಂದರು ಹುಟ್ಟಿದ್ದು ಹೀಗೆ

ಕಲ್ಲಿಕೋಟೆಯ ದಕ್ಷಿಣಕ್ಕೆ ಚಾಲಿಯಂ ಅಂತ ಊರುಂಟು. 1531ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದ್ದರು. ಸಾಮೂದಿರಿಯ ಕುತ್ತಿಗೆಗೆ ಇಟ್ಟ ಪಿಸ್ತೂಲಿನ ಹಾಗಿತ್ತು ಅದು. 1571ರಲ್ಲಿ ಸಾಮೂದಿರಿಯ ನಾಯರ್ ಪಡೆ ಮತ್ತು ಮೂರನೇ ಕುಂಞಾಲಿಯ ಮಾಪ್ಪಿಳೆ ಪಡೆ ಒಟ್ಟಾಗಿ ಆ ಕೋಟೆಯನ್ನು ಮುತ್ತಿ ಗೆದ್ದವು. ಕೋಟೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿದರು. ಕೋಟೆಗಾಗಿ ಪರಂಗಿಗಳು ಕೆಡವಿದ್ದ ಮಸೀದಿಯನ್ನು ಮತ್ತೆ ಕಟ್ಟಲು ಅದರ ಕಲ್ಲು ಕೊಟ್ಟವನು ಸಾಮೂದಿರಿಯೇ. ಆ ಗೆಲುವಿನ ಮೇಲೆ ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಅವರು ಫತ್ಹುಲ್ ಮುಬೀನ್ ಎಂಬ ಅರಬಿ ಕಾವ್ಯ ಬರೆದು ಸಾಮೂದಿರಿಯನ್ನು ಹೊಗಳಿದರು. ಒಬ್ಬ ಖಾಝಿ ಹಿಂದೂ ಅರಸನನ್ನು ಹಾಗೆ ಹೊಗಳಬೇಕಾದರೆ ಅವರೊಳಗೆ ನಂಬಿಕೆ ಎಷ್ಟಿತ್ತು ಅಂತ ನಾವೇ ಅಂದಾಜು ಮಾಡಬಹುದು.

ಆ ಗೆಲುವಿನ ನಂತರ ಮೂರನೇ ಕುಂಞಾಲಿಗೆ ಪುದುಪಟ್ಟಣಂ ಎಂಬಲ್ಲಿ ಕೋಟೆ ಕಟ್ಟಲು ಸಾಮೂದಿರಿ ಅನುಮತಿ ಕೊಟ್ಟ. ವಡಕರದ ಹತ್ತಿರ ನದಿ ಸಮುದ್ರಕ್ಕೆ ಸೇರುವ ಜಾಗ ಅದು. ಮುಂದೆ ಅದಕ್ಕೆ ಕೋಟ್ಟಕ್ಕಲ್ ಅಂತ ಹೆಸರಾಯಿತು. ನೆಲ ಸಾಮೂದಿರಿಯದ್ದು, ಕಲ್ಲು ಕಟ್ಟಿದವರು ಕುಂಞಾಲಿ. ದೋಣಿ ಮತ್ತು ಜನ ಕುಂಞಾಲಿಯದ್ದು, ಬಾವುಟ ಸಾಮೂದಿರಿಯದ್ದು. ನಂಬಿಕೆ ಇದ್ದಷ್ಟು ದಿನ ಇದರ ಒಡೆಯ ಯಾರು ಎಂಬ ಪ್ರಶ್ನೆಯೇ ಬರಲಿಲ್ಲ.

ಬಿರುಕು

ಆಮೇಲೆ ಗಾಳಿ ತಿರುಗಿತು. ದಶಕಗಟ್ಟಲೆ ಯುದ್ಧ ಮಾಡಿ ಸಾಮೂದಿರಿಯ ಬಂದರುಗಳಿಗೆ ವ್ಯಾಪಾರ ಕಡಿಮೆಯಾಗಿತ್ತು. ಅವನ ವೈರಿ ಕೊಚ್ಚಿಯ ರಾಜ ಪರಂಗಿಗಳ ಸ್ನೇಹದಿಂದ ಬೆಳೆಯುತ್ತಿದ್ದ. 1584ರಲ್ಲಿ ಸಾಮೂದಿರಿ ಪೋರ್ಚುಗೀಸರೊಂದಿಗೆ ರಾಜಿಯಾಗಿ, ಪೊನ್ನಾನಿಯಲ್ಲಿ ವ್ಯಾಪಾರದ ಕೋಠಿ ಇಡಲು ಬಿಟ್ಟ. ಪೊನ್ನಾನಿ ಅಂದರೆ ಮರಕ್ಕಾರರ ಹಳೆಯ ನೆಲೆ. ಯಾರ ವಿರುದ್ಧ ಅಪ್ಪ, ಮಾವ ಪ್ರಾಣ ಕೊಟ್ಟರೋ ಅವರನ್ನೇ ರಾಜ ಮನೆ ಬಾಗಿಲಿಗೆ ಕರೆತಂದ ಅಂತ ಕುಂಞಾಲಿಗೆ ಅನಿಸಿದರೆ ಅದರಲ್ಲಿ ಆಶ್ಚರ್ಯ ಏನುಂಟು? ಅವರು ಕೋಟೆಯನ್ನು ಇನ್ನಷ್ಟು ಬಲ ಮಾಡಿಕೊಂಡರು.

1595ರಲ್ಲಿ ಮೂರನೇ ಕುಂಞಾಲಿ ತೀರಿಕೊಂಡರು. ಅವರ ಸೋದರಳಿಯ ಮುಹಮ್ಮದ್ ಕುಂಞಾಲಿ ನಾಲ್ಕನೆಯವರಾಗಿ ಅಧಿಕಾರಕ್ಕೆ ಬಂದರು. ಗಿಡ್ಡ ಆಳು, ಅಗಲ ಎದೆ, ಗಟ್ಟಿ ಮೈಕಟ್ಟು ಅಂತ ಅವರನ್ನು ಕಂಡ ಪರಂಗಿಗಳು ವರ್ಣಿಸಿದ್ದಾರೆ. ಕೋಟೆಗೆ ಹೊಸ ಗೋಡೆ, ಬುರುಜು, ಫಿರಂಗಿ ಬಂದವು. ಗೋವಾದಿಂದ ಕೊಚ್ಚಿವರೆಗೆ ಪರಂಗಿ ಹಡಗುಗಳಿಗೆ ನಿದ್ದೆ ಇಲ್ಲದ ಹಾಗಾಯಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಾಲ್ಕನೇ ಕುಂಞಾಲಿಯವರಲ್ಲೂ ಹಮ್ಮು ಬಂದಿತ್ತು ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ತಮ್ಮನ್ನು ಮುಸ್ಲಿಮರ ರಾಜ, ಕಡಲಿನ ಒಡೆಯ ಅಂತ ಕರೆಸಿಕೊಂಡರಂತೆ. ಸಾಮೂದಿರಿಯ ಆನೆಯೊಂದರ ಬಾಲ ಕತ್ತರಿಸಿದರು ಎಂಬ ಕತೆಯೂ ಉಂಟು. ಈ ಕತೆಗಳಲ್ಲಿ ಹೆಚ್ಚಿನವನ್ನು ಬರೆದಿಟ್ಟವರು ಪೋರ್ಚುಗೀಸರೇ, ಅಂದರೆ ಅವರ ತಲೆ ಕಡಿದವರೇ. ಹಾಗಾಗಿ ಎಲ್ಲವನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಆದರೆ ಯಾರ ನೆಲದಲ್ಲಿ ಕೋಟೆ ನಿಂತಿದೆಯೋ ಅವನ ಮಾತಿಗೆ ಬೆಲೆ ಕಡಿಮೆಯಾಗಿತ್ತು ಎಂಬುದಂತೂ ನಿಜ. ರಾಜನಿಗೆ ಅದು ತನ್ನ ರಾಜ್ಯದೊಳಗಿನ ಇನ್ನೊಂದು ರಾಜ್ಯದಂತೆ ಕಂಡಿತು. ಕುಂಞಾಲಿಗೆ ಅದು ತನ್ನ ಮನೆತನ ರಕ್ತ ಸುರಿಸಿ ಕಟ್ಟಿದ ಬಂದರು.

ಇಬ್ಬರೂ ಕೂತು ಮಾತಾಡಿದ್ದರೆ ಏನಾಗುತ್ತಿತ್ತೋ. ಮಾತಾಡಲು ಬಂದವರು ಬೇರೆಯವರು.

ಮೂರನೆಯವನ ಪ್ರವೇಶ

ಆಗ ಗೋವಾದಲ್ಲಿ ವೈಸ್‌ರಾಯ್ ಆಗಿದ್ದವನು ಫ್ರಾನ್ಸಿಸ್ಕೊ ಡ ಗಾಮ, ವಾಸ್ಕೋ ಡ ಗಾಮನ ಮರಿಮಗ. ಸಾಮೂದಿರಿಯೂ ಪೋರ್ಚುಗೀಸರೂ ಒಪ್ಪಂದಕ್ಕೆ ಬಂದರು. ಸಾಮೂದಿರಿ ನೆಲದಿಂದ, ಪರಂಗಿಗಳು ಕಡಲಿನಿಂದ ಕೋಟೆಯನ್ನು ಮುತ್ತುವುದು. ಗೆದ್ದರೆ ಸಿಕ್ಕಿದ ಸೊತ್ತಿನಲ್ಲಿ ಪಾಲು. ಕೋಟೆಯನ್ನು ನೆಲಸಮ ಮಾಡುವುದು. ಆ ಕೊನೆಯ ಮಾತನ್ನು ಗಮನಿಸಿ. ಬಂದರು ತನ್ನದು ಅಂತ ಜಗಳಕ್ಕೆ ಹೊರಟ ರಾಜ, ಮೊದಲ ದಿನವೇ ಅದನ್ನು ಕೆಡವಲು ಒಪ್ಪಿದ್ದ.

1599ರ ಮಾರ್ಚಿನಲ್ಲಿ ವೈಸ್‌ರಾಯನ ತಮ್ಮ ಲೂಯಿಸ್ ಡ ಗಾಮನ ನೇತೃತ್ವದಲ್ಲಿ ಮೊದಲ ದೊಡ್ಡ ದಾಳಿ ನಡೆಯಿತು. ರಾತ್ರಿ ಒಂದು ಸಂಕೇತ ತೋರಿಸಿದ ಕೂಡಲೇ ಎರಡೂ ಕಡೆಯಿಂದ ಒಟ್ಟಿಗೆ ನುಗ್ಗುವುದು ಅಂತ ಮಾತಾಗಿತ್ತು. ಸಂಕೇತ ಸಮಯಕ್ಕೆ ಮೊದಲೇ ಬಂತು. ಒಬ್ಬರು ನುಗ್ಗಿದಾಗ ಇನ್ನೊಬ್ಬರು ತಯಾರಿರಲಿಲ್ಲ. ಕುಂಞಾಲಿಯ ಜನ ಬಿಡಲಿಲ್ಲ. ದಾಳಿಯ ಮುಂದಾಳು ಲೂಯಿಸ್ ಡ ಸಿಲ್ವ ಸತ್ತ, ಎಷ್ಟೋ ಸೈನಿಕರು ಕತ್ತಿಗೆ ಬಲಿಯಾದರು, ಎಷ್ಟೋ ಮಂದಿ ಹೊಳೆಯಲ್ಲಿ ಮುಳುಗಿದರು. ಪರಂಗಿಗಳಿಗೆ ಅದು ದೊಡ್ಡ ಅವಮಾನ.

ಆ ಗೆಲುವಿನ ನಂತರವಾದರೂ ರಾಜಿಗೆ ದಾರಿ ಇತ್ತು. ಆದರೆ ಪೋರ್ಚುಗೀಸರು ಸಾಮೂದಿರಿಯನ್ನು ಬಿಡಲಿಲ್ಲ. ಗೋವಾದ ಆರ್ಚ್‌ಬಿಷಪ್ ಮೆನೆಜೆಸ್ ಕೂಡ ಅವನ ಮನಸ್ಸು ತಿರುಗದ ಹಾಗೆ ನೋಡಿಕೊಂಡ. 1599ರ ಡಿಸೆಂಬರಿನಲ್ಲಿ ಆಂದ್ರೆ ಫುರ್ಟಾಡೊ ಎಂಬ ಅನುಭವಿ ಸೇನಾಪತಿ ದೊಡ್ಡ ನೌಕಾಪಡೆಯೊಂದಿಗೆ ಬಂದ. ಈ ಸಲ ಅವಸರ ಮಾಡಲಿಲ್ಲ. ಕಡಲಿನ ದಾರಿ ಮುಚ್ಚಿ, ನೆಲದ ದಾರಿ ಮುಚ್ಚಿ, ಕೋಟೆಯೊಳಗೆ ಅಕ್ಕಿ ಹೋಗದ ಹಾಗೆ ಮಾಡಿದ. ಕಡಲಲ್ಲಿ ಸೋಲದವರನ್ನು ಹಸಿವು ಸೋಲಿಸಿತು.

ಕುಂಞಾಲಿ ಪರಂಗಿಗಳಿಗೆ ಶರಣಾಗಲು ಒಪ್ಪಲಿಲ್ಲ. ಶರಣಾಗುವುದಾದರೆ ಸಾಮೂದಿರಿಗೆ ಮಾತ್ರ ಎಂದರು. ಎಷ್ಟೆಂದರೂ ಅವನು ತಮ್ಮ ರಾಜ, ಮೂರು ತಲೆಮಾರಿನ ಉಪ್ಪಿನ ಋಣ ಉಂಟು ಎಂಬ ಲೆಕ್ಕ ಇರಬೇಕು. ಜೀವ ಉಳಿಸುವುದಾಗಿ ಸಾಮೂದಿರಿ ಮಾತು ಕೊಟ್ಟ.

ಆ ದಿನ

1600ನೇ ಇಸವಿ ಮಾರ್ಚ್ 16. ಕೋಟೆಯ ಬಾಗಿಲು ತೆರೆಯಿತು. ಮೊದಲು ಸೈನಿಕರು ಹೊರಬಂದರು, ಗಾಯಾಳುಗಳಿದ್ದರು, ಹೆಂಗಸರು ಮಕ್ಕಳಿದ್ದರು. ಕೊನೆಗೆ ಕುಂಞಾಲಿ. ತಲೆಗೆ ಕಪ್ಪು ವಸ್ತ್ರ, ಕೈಯಲ್ಲಿ ತುದಿ ಕೆಳಗೆ ಮಾಡಿದ ಕತ್ತಿ. ಆಗ ಅವರಿಗೆ ಸುಮಾರು 50 ವರ್ಷ. ನೇರ ನಡೆದು ಹೋಗಿ ಸಾಮೂದಿರಿಗೆ ಕತ್ತಿ ಒಪ್ಪಿಸಿದರು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಫುರ್ಟಾಡೊ ಅವರ ಮೇಲೆ ಕೈ ಹಾಕಿ ಎಳೆದುಕೊಂಡ. ಸಾಮೂದಿರಿ ಕೊಟ್ಟ ಮಾತು ಅಲ್ಲೇ, ಎಲ್ಲರ ಕಣ್ಣೆದುರೇ ನೀರಿಗೆ ಬಿತ್ತು.

ಆಗ ಕುಂಞಾಲಿಗಾಗಿ ಎದ್ದವರು ಯಾರು ಗೊತ್ತುಂಟಾ? ಸಾಮೂದಿರಿಯದ್ದೇ ನಾಯರ್ ಸೈನಿಕರು. ಅದುವರೆಗೆ ಕೋಟೆಗೆ ಮುತ್ತಿಗೆ ಹಾಕಿದವರು ಅವರೇ. ಆದರೂ ಶರಣಾದವನನ್ನು ಹೀಗೆ ಹಿಡಿದದ್ದು ಅವರಿಗೆ ಸಹಿಸಲಿಲ್ಲ. ಗದ್ದಲವೆದ್ದಿತು, ಬಿಡಿಸಿಕೊಳ್ಳಲು ನುಗ್ಗಿದರು. ಆದರೆ ಆಗಲಿಲ್ಲ. ಫುರ್ಟಾಡೊ ತನ್ನ ಕೈದಿಗಳನ್ನು ಹಡಗಿಗೆ ಏರಿಸಿದ. ಕೋಟೆಯನ್ನೂ ಪೇಟೆಯನ್ನೂ ಹಾಳುಗೆಡವಲಾಯಿತು.

ಗೋವಾದಲ್ಲಿ ಕುಂಞಾಲಿಯವರನ್ನು ಸೆರೆಮನೆಯಲ್ಲಿಟ್ಟು, ಆಮೇಲೆ ಜನರೆದುರು ತಲೆ ಕಡಿದರು. ದೇಹವನ್ನು ತುಂಡು ಮಾಡಿ ಪ್ರದರ್ಶನಕ್ಕೆ ಇಟ್ಟರು. ತಲೆಯನ್ನು ಉಪ್ಪು ಹಾಕಿ ಕಣ್ಣೂರಿಗೆ ಕಳಿಸಿ ಅಲ್ಲಿ ಕಂಬಕ್ಕೆ ಏರಿಸಿದರು. ಮಲಬಾರಿನ ಜನ ನೋಡಿ ಹೆದರಲಿ ಅಂತ.

ಬಂದರು ಯಾರ ಪಾಲಾಯಿತು?

ಸಾಮೂದಿರಿಗೆ ಸಿಕ್ಕಿದ್ದೇನು? ಬಂದರು ಸಿಗಲಿಲ್ಲ, ಅದು ಮಣ್ಣಾಗಿತ್ತು. ನೌಕಾಪಡೆ ಉಳಿಯಲಿಲ್ಲ, ಅದರ ತಲೆ ಕಣ್ಣೂರಿನ ಕಂಬದಲ್ಲಿತ್ತು. ಪರಂಗಿಗಳ ಸ್ನೇಹವೂ ಬಹಳ ದಿನ ಬಾಳಲಿಲ್ಲ. ನಾಲ್ಕೇ ವರ್ಷ, 1604ರಲ್ಲಿ ಅದೇ ಸಾಮೂದಿರಿ ವಂಶ ಡಚ್ಚರೊಂದಿಗೆ ಒಪ್ಪಂದ ಮಾಡಿಕೊಂಡಿತು. ಯಾಕೆ? ಪೋರ್ಚುಗೀಸರನ್ನು ಓಡಿಸಲು! ಮನೆಯೊಳಗಿದ್ದ ಕಾವಲುಗಾರನನ್ನು ಕಳೆದುಕೊಂಡವನಿಗೆ ಇನ್ನೊಬ್ಬ ಹೊರಗಿನವನನ್ನು ಕರೆಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. 1616ರಲ್ಲಿ ಇಂಗ್ಲಿಷರೂ ಬಂದರು. 1663ರಲ್ಲಿ ಡಚ್ಚರು ಕೊಚ್ಚಿಯಿಂದ ಪೋರ್ಚುಗೀಸರನ್ನು ಹೊರಹಾಕಿದರು. ಆದರೆ ಕೊಚ್ಚಿ ಊರಿನವರ ಕೈಗೆ ಬರಲಿಲ್ಲ, ಡಚ್ಚರ ಕೈಗೆ ಹೋಯಿತು. ಒಬ್ಬ ಹೋದ, ಇನ್ನೊಬ್ಬ ಬಂದ. ಕಡಲು ಮಾತ್ರ ಕಡಲ ಮಕ್ಕಳಿಗೆ ಮರಳಿ ಸಿಗಲಿಲ್ಲ.

ಇಂದು ಪಯ್ಯೋಳಿ ಹತ್ತಿರದ ಇರಿಂಙಲ್ ಕೋಟ್ಟಕ್ಕಲ್‌ಗೆ ಹೋದರೆ ಕುಂಞಾಲಿ ಮರಕ್ಕಾರ್ ಸ್ಮಾರಕವೂ ಮ್ಯೂಸಿಯಮ್ಮೂ ನೋಡಲು ಸಿಗುತ್ತದೆ. ಮುಂಬೈಯ ಕೊಲಾಬಾದಲ್ಲಿರುವ ಭಾರತೀಯ ನೌಕಾಪಡೆಯ ನೆಲೆಗೆ ಐಎನ್‌ಎಸ್ ಕುಂಞಾಲಿ ಅಂತಲೇ ಹೆಸರು. 2000ದಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು. ಹೊರಗಿನವರು ಕಡಲ್ಗಳ್ಳ ಅಂತ ಕರೆದು ಕೊಂದ ಮನುಷ್ಯನನ್ನು ದೇಶ ಕಡಲ ಕಾವಲುಗಾರ ಅಂತ ಒಪ್ಪಿಕೊಂಡಿದೆ.

ಈ ಕತೆಯನ್ನು ಈಗ ಹಿಂದೂ ರಾಜ ಮುಸ್ಲಿಂ ನಾಯಕನಿಗೆ ಮೋಸ ಮಾಡಿದ ಅಂತ ಹೇಳುವವರಿದ್ದಾರೆ. ಮುಸ್ಲಿಂ ನಾಯಕ ಹಿಂದೂ ರಾಜನಿಗೆ ತಿರುಗಿಬಿದ್ದ ಅಂತ ಹೇಳುವವರೂ ಇದ್ದಾರೆ. ಎರಡೂ ಅರ್ಧ ಕತೆ. ಮಕ್ಕಳಿಗೆ ಹೇಳುವಾಗ ಪೂರ್ತಿ ಹೇಳಬೇಕು. ಚಾಲಿಯಂನ ಕಲ್ಲಿನಲ್ಲಿ ಮಸೀದಿ ಎದ್ದದ್ದನ್ನೂ ಹೇಳಬೇಕು, ಆನೆಯ ಬಾಲದ ಕತೆಯನ್ನೂ ಹೇಳಬೇಕು. ಕೊನೆಗೆ, ಕುಂಞಾಲಿಯ ಕೈ ಹಿಡಿದೆಳೆದ ಹೊತ್ತಿಗೆ ಅವರನ್ನು ಬಿಡಿಸಲು ಕತ್ತಿ ಹಿರಿದ ಆ ನಾಯರ್ ಸೈನಿಕರ ಬಗ್ಗೆಯೂ ಮರೆಯದೆ ಹೇಳಬೇಕು.