ಸುಟ್ಟ ಸರ್ಕ್ಯೂಟ್‌ನ ಸಂಗೀತಗಾರ ಲೂಯಿ ಬ್ಯಾರನ್

ಲ್ಯಾಬ್‌ನಲ್ಲಿ ಸರ್ಕ್ಯೂಟ್ ಸುಟ್ಟರೆ ನಮಗೆ ಬೈಗುಳ. ಲೂಯಿ ಬ್ಯಾರನ್ ಬೇಕಂತಲೇ ಸುಡ್ತಿದ್ದರು! 1920ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಇವರು 1947ರಲ್ಲಿ ಬೀಬೆಯನ್ನು ಮದುವೆಯಾದಾಗ ಉಡುಗೊರೆಯಾಗಿ ಬಂದದ್ದು ಟೇಪ್ ರೆಕಾರ್ಡರ್. ನ್ಯೂಯಾರ್ಕ್‌ನಲ್ಲಿ ಇಬ್ಬರೂ ಸ್ಟುಡಿಯೋ ಹಾಕಿದರು.

ಸಿಂಥಸೈಜರ್ ಅಂಗಡಿಯಲ್ಲಿ ಸಿಗದ ಕಾಲ ಅದು. ನಾರ್ಬರ್ಟ್ ವೀನರ್ ಅವರ 'ಸೈಬರ್ನೆಟಿಕ್ಸ್' ಓದಿದ್ದ ಲೂಯಿ ವ್ಯಾಕ್ಯೂಮ್ ಟ್ಯೂಬ್ ಸರ್ಕ್ಯೂಟ್ ಸಾಲ್ಡರ್ ಮಾಡಿ, ಓವರ್‌ಲೋಡ್ ಕೊಟ್ಟು, ಅದು ಚೀರಿ ನರಳಿ ಸಾಯೋದನ್ನ ರೆಕಾರ್ಡ್ ಮಾಡ್ತಿದ್ದರು. ಸತ್ತ ಸರ್ಕ್ಯೂಟ್ ಮತ್ತೆ ಅದೇ ಸದ್ದು ಕೊಡಲ್ಲ, ಹಾಗಾಗಿ ರೀಟೇಕ್ ಅನ್ನೋ ಮಾತೇ ಇಲ್ಲ. ಗಂಟೆಗಟ್ಟಲೆ ಟೇಪ್ ಕೇಳಿ ಸಂಗೀತ ಹೆಕ್ಕೋದು ಬೀಬೆಯ ಪಾಲು. (ಕಷ್ಟದ ಕೆಲಸ ಇದೇ ಅಂತ ನನ್ನ ಲೆಕ್ಕ.)

ಹೀಗೆ 1956ರ 'ಫರ್ಬಿಡನ್ ಪ್ಲಾನೆಟ್' ಪೂರ್ತಿ ಎಲೆಕ್ಟ್ರಾನಿಕ್ ಸಂಗೀತದ ಮೊದಲ ಫೀಚರ್ ಚಿತ್ರವಾಯ್ತು. ಸಂಗೀತಗಾರರ ಯೂನಿಯನ್ ತಕರಾರಿನ ಭಯಕ್ಕೆ ಟೈಟಲ್‌ನಲ್ಲಿ 'ಸಂಗೀತ' ಅನ್ನೋ ಪದವೇ ಹೋಗಿ 'ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್' ಅಂತ ಬಂತು. ಎಷ್ಟೋ ಪ್ರೇಕ್ಷಕರಿಗೂ ಅದು ಬರೀ ಸೌಂಡ್ ಎಫೆಕ್ಟ್. ಆಲ್ಬಂ ಹೊರಬಂದದ್ದು 20 ವರ್ಷ ಬಿಟ್ಟು, 1976ರಲ್ಲಿ. ಅಷ್ಟರಲ್ಲಿ ಮೂಗ್ ಸಿಂಥಸೈಜರ್ ಕೇಳಿ ಜನರ ಕಿವಿ ಪಳಗಿತ್ತು. ಸೈ-ಫೈ ಅಭಿಮಾನಿಗಳು ಅದನ್ನ ಸಂಗೀತ ಅಂತಲೇ ಕೇಳಿದರು. ಬೀಬೆಗೂ ಅವರಿಗೂ ವಿಚ್ಛೇದನವಾಗಿದ್ದರೂ ಜೊತೆ ಕೆಲಸ ನಿಲ್ಲಲಿಲ್ಲ. 1989ರಲ್ಲಿ ಲೂಯಿ ತೀರಿಕೊಂಡರು.

ಕಣ್ಣಿಗೆ ಕಾಣದ ರಾಕ್ಷಸ ನೌಕೆಯ ಮೆಟ್ಟಿಲು ಹತ್ತೋ ದೃಶ್ಯ ಇದೆಯಲ್ಲ, ಅದನ್ನ ಹೆಡ್‌ಫೋನ್ ಹಾಕ್ಕೊಂಡೇ ನೋಡಿ.