ತಡವಾಗಿ ಅರಳಿ ಬೇಗ ಬಾಡಿದ ಬಿಲ್ ಹೇಲಿ

ಯುವಜನರ ಸಂಗೀತವೆಂದು ಹೆಸರಾದ ರಾಕ್ ಅಂಡ್ ರೋಲ್ ಅನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದ ಗಾಯಕ ಎಳೆಯ ವಯಸ್ಸಿನವರಾಗಿರಲಿಲ್ಲ. 1955ರ ಜುಲೈನಲ್ಲಿ 'ರಾಕ್ ಅರೌಂಡ್ ದ ಕ್ಲಾಕ್' ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಬಿಲ್ ಹೇಲಿ ಅವರಿಗೆ 30 ವರ್ಷ ತುಂಬಿತ್ತು. ಅವರು ಆಗಲೇ ಸಂಸಾರಸ್ಥರು.

ಹೇಲಿ 1925ರ ಜುಲೈ 6ರಂದು ಮಿಷಿಗನ್ ರಾಜ್ಯದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಜನಿಸಿದರು. ಬೆಳೆದದ್ದು ಪೆನ್ಸಿಲ್ವೇನಿಯಾದಲ್ಲಿ. ಬಾಲ್ಯದಲ್ಲಿ ನಡೆದ ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟು ಬಿದ್ದು ಎಡಗಣ್ಣಿನ ದೃಷ್ಟಿ ಹೋಯಿತು. ಹಣೆಯ ಮೇಲಿನ ಸುರುಳಿ ಮುಂಗುರುಳು ಮುಂದೆ ಅವರ ಗುರುತಾಯಿತು. ಜನರ ನೋಟ ಆ ಕಣ್ಣಿನತ್ತ ಹೋಗದಿರಲೆಂದೇ ಅದನ್ನು ಬಿಟ್ಟಿದ್ದರೆಂದು ಹೇಳುವುದುಂಟು.

ಕೌಬಾಯ್ ವೇಷ ತೊಟ್ಟು ಹಳ್ಳಿಗಾಡಿನ ಹಾಡುಗಳನ್ನು ಹಾಡುತ್ತ, ಬಾನುಲಿ ಕೇಂದ್ರದಲ್ಲಿ ದುಡಿಯುತ್ತ ಅವರು ಹಲವು ವರ್ಷ ಕಳೆದರು. 1951ರಲ್ಲಿ ಕಪ್ಪು ಜನಾಂಗದ ಕಲಾವಿದರ 'ರಾಕೆಟ್ 88' ಗೀತೆಯನ್ನು ಮರಳಿ ಹಾಡಿದ್ದು ಅವರ ದಾರಿಯನ್ನೇ ಬದಲಿಸಿತು. ಮರುವರ್ಷ ತಂಡದ ಹೆಸರು 'ಕಾಮೆಟ್ಸ್' ಎಂದಾಯಿತು. 1954ರಲ್ಲಿ ಅವರಿಗೆ ಕೀರ್ತಿ ತಂದ 'ಶೇಕ್, ರ‍್ಯಾಟಲ್ ಅಂಡ್ ರೋಲ್' ಮೂಲತಃ ಬಿಗ್ ಜೋ ಟರ್ನರ್ ಅವರದು. ಹೇಲಿಯವರ ಯಶಸ್ಸಿನ ಬೇರು ಕಪ್ಪು ಕಲಾವಿದರ ಸಂಗೀತದಲ್ಲಿತ್ತೆಂಬುದನ್ನು ಮರೆಯಲಾಗದು.

'ರಾಕ್ ಅರೌಂಡ್ ದ ಕ್ಲಾಕ್' ಧ್ವನಿಮುದ್ರಣಗೊಂಡದ್ದು 1954ರ ಏಪ್ರಿಲ್ 12ರಂದು, ನ್ಯೂಯಾರ್ಕ್‌ನಲ್ಲಿ. ಅದರಲ್ಲಿ ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್ ಎರಡೇ ತಿಂಗಳಲ್ಲಿ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಮೊದಲು ಅಷ್ಟಾಗಿ ಸದ್ದು ಮಾಡದ ಆ ಹಾಡು 'ಬ್ಲ್ಯಾಕ್‌ಬೋರ್ಡ್ ಜಂಗಲ್' ಚಲನಚಿತ್ರದಲ್ಲಿ ಕೇಳಿಬಂದ ಮೇಲೆ ಎಂಟು ವಾರ ಅಗ್ರಸ್ಥಾನದಲ್ಲಿತ್ತು.

ಆದರೆ 1956ರಲ್ಲಿ 21ರ ಹರೆಯದ ಎಲ್ವಿಸ್ ಪ್ರೀಸ್ಲಿ ಬಂದರು. ಅವರೆದುರು ಹೇಲಿ ಹಿಂದಿನ ತಲೆಮಾರಿನವರಂತೆ ಕಂಡರು. ತೆರಿಗೆ ಬಾಕಿ ಬೆನ್ನತ್ತಿತು. 1960ರ ದಶಕದ ಆರಂಭದಲ್ಲಿ ಅವರು ಮೆಕ್ಸಿಕೋಗೆ ತೆರಳಿ ಅಲ್ಲಿ ಸ್ಪ್ಯಾನಿಷ್ ಗೀತೆಗಳನ್ನು ಹಾಡಿದರು.

ಕೈಬಿಟ್ಟ ಕಾಲವೇ ಮತ್ತೆ ಕೈಹಿಡಿಯಿತು. 1968ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಅವರ ಹಳೆಯ ಹಾಡುಗಳಿಗಾಗಿ ಕಿಕ್ಕಿರಿಯಿತು. 1974ರಲ್ಲಿ 'ರಾಕ್ ಅರೌಂಡ್ ದ ಕ್ಲಾಕ್' ಅಮೆರಿಕ, ಬ್ರಿಟನ್ ಎರಡರ ಪಟ್ಟಿಗೂ ಮರಳಿತು. 1979ರಲ್ಲಿ ಅವರು ರಾಣಿ ಎಲಿಜಬೆತ್ ಎದುರು ಹಾಡಿದರು. ಜನ ಬಯಸಿದ್ದು ಮಾತ್ರ ಹಳೆಯದನ್ನೇ. ಹೊಸದಾಗಿ ಏನು ಹಾಡಿದರೂ ಆ ಒಂದು ಗೀತೆಯ ನೆರಳಿನಿಂದ ಅವರು ಹೊರಬರಲಾಗಲಿಲ್ಲ.

ಮದ್ಯಪಾನದಿಂದಲೂ ಅನಾರೋಗ್ಯದಿಂದಲೂ ಕುಗ್ಗಿದ್ದ ಹೇಲಿ 1981ರ ಫೆಬ್ರವರಿ 9ರಂದು ಟೆಕ್ಸಸ್‌ನ ಹಾರ್ಲಿಂಜನ್‌ನಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ. ಮರುತಿಂಗಳೇ ವೇಲ್ಸ್‌ನ ಕಾರ್ಡಿಫ್ ಮೂಲದ, 33 ವರ್ಷದ ಶೇಕಿನ್ ಸ್ಟೀವನ್ಸ್ 1954ರ ಹಾಡೊಂದನ್ನು ಹೊಸದಾಗಿ ಹಾಡಿ ಬ್ರಿಟನ್ನಿನ ಅಗ್ರಸ್ಥಾನಕ್ಕೇರಿದರು. ಅವರೂ ಹಳೆಯ ರಾಕ್ ಅಂಡ್ ರೋಲ್ ಅನ್ನೇ ನೆಚ್ಚಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದವರು. ಹೇಲಿ ತೆರೆದ ಹಾದಿ ಅವರೊಂದಿಗೆ ಮುಚ್ಚಿಹೋಗಲಿಲ್ಲ.